ಹೆಜ್ಜೆಗುರುತಿನಲ್ಲಿ ಎಣ್ಣೆ

ಜಾರ್ಜ್ ಸ್ಟೀವನ್ಸ್ ನಿರ್ದೇಶಿಸಿದ ‘ಜೈಂಟ್’ (1956) ಚಿತ್ರದ ಒಂದು ಗಳಿಗೆ ಪ್ರತಿ ಸಲವೂ ನನ್ನ ಮೈ ನವಿರೇಳಿಸುತ್ತದೆ. ಟೆಕ್ಸಾಸ್‌ನ ಬೆಂಗಾಡು. ಜೇಮ್ಸ್ ಡೀನ್ ಅಭಿನಯಿಸಿದ ಜೆಟ್ ರಿಂಕ್ ಅಲ್ಲಿನ ದೊಡ್ಡ ಜಮೀನ್ದಾರನ ಆಳು. ಧಣಿಯ ಅಕ್ಕ ಸಾಯುವ ಮುನ್ನ ಅವನಿಗೆಂದು ಬರೆದಿಟ್ಟ ತುಂಡು ನೆಲವೊಂದೇ ಅವನ ಆಸ್ತಿ. ಎರಡು ಪಟ್ಟು ಬೆಲೆ ಕೊಡುತ್ತೇನೆಂದು ಧಣಿ ಕೇಳಿದರೂ ಬಿಡದೆ, ಅದರ ಅಂಚಿನುದ್ದಕ್ಕೂ ಹೆಜ್ಜೆ ಹಾಕಿ ಅಳೆಯುತ್ತಾನೆ. ಒಂದು ದಿನ ಧಣಿಯ ಹೆಂಡತಿ ಲೆಸ್ಲಿ (ಎಲಿಜಬೆತ್ ಟೇಲರ್) ಅವನ ಪುಟ್ಟ ಮನೆಯಲ್ಲಿ ಚಹಾ ಕುಡಿದು ಹೊರಡುತ್ತಾಳೆ. ಅವಳ ಹೆಜ್ಜೆ ಇಳಿದ ಜಾಗದಲ್ಲಿ ಎಣ್ಣೆಯ ಪಸೆ!

ಮನಸ್ಸಿನಲ್ಲೇ ಆರಾಧಿಸಿದವಳ ಕಾಲಡಿಯಲ್ಲೇ ಸಿರಿ ಕಾಣಿಸಿಕೊಂಡಿತು. ಮುಂದೆ ಬಾವಿ ಚಿಮ್ಮಿದಾಗ ಜೆಟ್, ಅಡಿಯಿಂದ ಮುಡಿಯವರೆಗೆ ಕಪ್ಪಾಗಿ, ನೇರ ಅವಳ ಮನೆಯ ಜಗಲಿಗೇ ಬರುತ್ತಾನೆ. ಕೋಲಾರದ ಕಡೆ ಬೋರ್‌ವೆಲ್ ನೀರಿನಡಿ ನಿಂತು ನೆನೆಯುವ ರೈತನ ಮುಖದಲ್ಲೂ ನಾನು ಈ ಬೆರಗನ್ನೇ ಕಂಡಿದ್ದೇನೆ.

ಟೆಕ್ಸಾಸ್‌ನ ನಿಜಚರಿತ್ರೆಯೂ ಹೀಗೆಯೇ. ಮುಂದೆ ಆಸ್ಟಿನ್‌ನಲ್ಲಿ ತಲೆಯೆತ್ತಲಿದ್ದ ವಿಶ್ವವಿದ್ಯಾಲಯಕ್ಕೆ 1876ರಲ್ಲಿ 10 ಲಕ್ಷ ಎಕರೆ ಮಂಜೂರಾಯಿತು. ಅದಕ್ಕೆ ಸಿಕ್ಕಿದ್ದು ಪಶ್ಚಿಮದ ಬರಡು ನೆಲ. 1923ರ ಮೇ 28ರಂದು ಅಲ್ಲಿ ಎಣ್ಣೆ ಚಿಮ್ಮಿತು. ಅಸಾಧ್ಯವನ್ನು ನಡೆಸಿಕೊಡುವ ಸಂತಳೆಂದು ನಂಬಲಾದ ಸಾಂತಾ ರೀಟಾಳ ಹೆಸರನ್ನು ಎಣ್ಣೆ ಸಿಗುವ ಮೊದಲೇ ಆ ಬಾವಿಗೆ ಇಟ್ಟಿದ್ದರು! ಅದರ ಹಳೆಯ ಯಂತ್ರ ಈಗ ಆಸ್ಟಿನ್‌ನ ವಿಶ್ವವಿದ್ಯಾಲಯದ ಆವರಣದಲ್ಲಿದೆ. 1930ರಲ್ಲಿ ಸಿಕ್ಕ ಪೂರ್ವ ಟೆಕ್ಸಾಸ್‌ನ ಎಣ್ಣೆ ಡ್ಯಾಲಸ್‌ಗೆ ಹಣ ಹರಿಸಿತು. ಹ್ಯೂಸ್ಟನ್‌ನಲ್ಲಿ ಎಣ್ಣೆ ಸಾಹಸಿ ಗ್ಲೆನ್ ಮೆಕಾರ್ಥಿ 1949ರಲ್ಲಿ ತೆರೆದ ಶ್ಯಾಮ್‌ರಾಕ್ ಹೋಟೆಲ್ ಕೆಲವೇ ವರ್ಷಗಳಲ್ಲಿ ಅವನ ಕೈತಪ್ಪಿ, 1987ರಲ್ಲಿ ನೆಲಸಮವಾಯಿತು. ಜೆಟ್‌ನ ಪಾತ್ರಕ್ಕೆ ಇವನೇ ಸ್ಫೂರ್ತಿ ಎನ್ನುತ್ತಾರೆ.

ಚಿತ್ರದಲ್ಲೂ ಹೋಟೆಲ್ ಇದೆ, ಸಂಭ್ರಮದ ಔತಣವಿದೆ. ಅತಿಥಿಗಳೆಲ್ಲ ಎದ್ದುಹೋದ ಮೇಲೆ ಕುಡಿದ ಜೆಟ್ ಖಾಲಿ ಕುರ್ಚಿಗಳೆದುರು ಲೆಸ್ಲಿಗಾಗಿ ಹಲುಬುತ್ತಾನೆ. ಭೂಮಿ ಅವನಿಗೆ ಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟಿತ್ತು.

ನನ್ನನ್ನು ಇನ್ನೂ ಬೆರಗುಗೊಳಿಸುವವನು ಲೆಸ್ಲಿಯ ಗಂಡ ಬಿಕ್ (ರಾಕ್ ಹಡ್ಸನ್). ಮೆಕ್ಸಿಕನ್ನರನ್ನು ಜೀವಮಾನವಿಡೀ ಕೀಳಾಗಿ ಕಂಡವನು. ಮಗ ಮೆಕ್ಸಿಕನ್ ಹುಡುಗಿಯನ್ನೇ ಮದುವೆಯಾದಾಗ ಒಳಗೊಳಗೇ ಕುದಿದವನು. ರಸ್ತೆಬದಿಯ ಹೋಟೆಲಿನಲ್ಲಿ ಬಡ ಮೆಕ್ಸಿಕನ್ ಕುಟುಂಬವೊಂದನ್ನು ಮಾಲೀಕ ಹೊರದಬ್ಬಿದಾಗ ತಾನೇ ಅಡ್ಡ ನಿಂತು ಹೊಡೆದಾಡುತ್ತಾನೆ. ಚೆನ್ನಾಗಿ ಏಟು ತಿಂದು, ತಟ್ಟೆಗಳ ನಡುವೆ ಬೀಳುತ್ತಾನೆ. ನೀನು ನನಗೆ ವೀರನಾಗಿ ಕಂಡದ್ದು ಅಲ್ಲೇ ಎಂದು ಲೆಸ್ಲಿ ಆಮೇಲೆ ಹೇಳುತ್ತಾಳೆ. ಇಷ್ಟು ವರ್ಷ ಎಲ್ಲಿತ್ತು ಈ ಸೆಲೆ? ಚಿತ್ರಕ್ಕೆ ಬಂದ 10 ನಾಮನಿರ್ದೇಶನಗಳಲ್ಲಿ ನಿರ್ದೇಶನಕ್ಕೆ ಮಾತ್ರ ಆಸ್ಕರ್ ಸಿಕ್ಕಿತು. ಬಿಕ್‌ನ ಆ ಸೋಲನ್ನು ಅಷ್ಟು ದೊಡ್ಡದಾಗಿ ಕಾಣಿಸಿದ್ದಕ್ಕೇ ನಾನಾದರೂ ಅದನ್ನು ಸ್ಟೀವನ್ಸ್‌ಗೆ ಕೊಡುತ್ತಿದ್ದೆ.