ದೂರದವನ ಹಲ್ಲುನೋವು

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯು ಕಡಲೆ ಬೆಳೆಯುವ ಸೀಮೆಯಲ್ಲಿಯೇ ಹುಟ್ಟಿದುದಾಗಿರಬೇಕು. ನರೇಗಲ್ಲಿನ ನೆರೆಯ ಜಕ್ಕಲಿಯ ಎರೆಹೊಲಗಳಲ್ಲಿ ಹಿಂಗಾರಿಯ ಕಡಲೆಯು ಕಾಯಿಗಟ್ಟುವ ಕಾಲಕ್ಕೆ ಈ ಮಾತು ನಗೆಗೆ ಒಳ್ಳೆಯ ಒಗ್ಗರಣೆ. ಆದರೆ ಹಲ್ಲುನೋವು ಹತ್ತಿದವನ ಮುಂದೆ ಆ ನಗೆ ನಡೆಯದು. ರಾತ್ರಿಯೆಲ್ಲ ಗಲ್ಲಕ್ಕೆ ಕೈಯೂರಿ ಕುಳಿತು, ಲವಂಗವನ್ನು ಕಚ್ಚಿ ಹಿಡಿದು, ಬೆಳಗಾದೊಡನೆ ರೋಣಕ್ಕೋ ಗದಗಿಗೋ ಹೋಗುವ ಬಸ್ಸಿನ ಹಾದಿಯನ್ನು ಕಾಯುವ ಒಕ್ಕಲಿಗನಿಗೆ ಬೇಕಾದುದು ಒಂದೇ: ನೋವನ್ನು ಬಲ್ಲ ಒಂದು ಕೈ. ಆ ಕೈಯ ಜಾತಿ ಯಾವುದು, ದೇಶ ಯಾವುದು ಎಂದು ಅವನು ಕೇಳಲಾರನು. ಸುಶ್ರುತಾಚಾರ್ಯನು ಮುಖರೋಗಗಳನ್ನು 65 ಎಂದು ಎಣಿಸಿ, ಅವುಗಳಲ್ಲಿ 15ನ್ನು ಹಲ್ಲಿನ ಬುಡಕ್ಕೂ 8ನ್ನು ಹಲ್ಲಿಗೂ ಹಂಚಿರುವನು; ರೋಗಿಯ ದೇಶವನ್ನು ನೋಡಿ ಒಂದನ್ನಾದರೂ ಹೆಚ್ಚಿಸಲಿಲ್ಲ, ಕಡಿಮೆ ಮಾಡಲಿಲ್ಲ.

ವೈದ್ಯರಿಲ್ಲದ ಊರುಗಳನ್ನು ಅರಸಿಕೊಂಡು ಪರದೇಶಕ್ಕೆ ಹೋಗಿ, ಎರಡು ವಾರವೋ ಒಂದು ತಿಂಗಳೋ ನಿಂತು, ಬಡವರ ಹಲ್ಲುಗಳನ್ನು ಕಿತ್ತು ಅಥವಾ ತುಂಬಿ, ಪ್ರತಿಫಲವಿಲ್ಲದೆ ಹಿಂದಿರುಗುವ ದಂತವೈದ್ಯರ ಪದ್ಧತಿಯೊಂದು ಈಚಿನ ದಶಕಗಳಲ್ಲಿ ಲೋಕದಲ್ಲಿ ಬೆಳೆದಿದೆ. ಆಫ್ರಿಕಾಖಂಡಕ್ಕೂ ನೇಪಾಳದ ಬೆಟ್ಟಗಳಿಗೂ ಇಂಥವರು ಹೋಗುವರು. ಕರ್ನಾಟಕದಲ್ಲಿಯೇ ಇರುವ ಟಿಬೇಟಿಯರ ವಸಾಹತುಗಳಿಗೂ ಬಂದುಹೋಗಿರುವರು. ಕನ್ನಡನಾಡಾದರೋ ಈ ವಿದ್ಯೆಯಲ್ಲಿ ಬಡತನದ ನಾಡಲ್ಲ. ಬೆಂಗಳೂರಿನ ಸರಕಾರಿ ದಂತವೈದ್ಯ ಮಹಾವಿದ್ಯಾಲಯವು 1958ರಲ್ಲಿಯೂ ಮಣಿಪಾಲದ್ದು 1965ರಲ್ಲಿಯೂ ಹುಟ್ಟಿದವು; ಆಮೇಲೆ ಧಾರವಾಡ, ಬೆಳಗಾವಿ ಮೊದಲಾದೆಡೆಗಳಲ್ಲಿ ಅನೇಕವು ಬಂದವು. ವರ್ಷವರ್ಷವೂ ಹೊರಬೀಳುವ ತರುಣ ವೈದ್ಯರಲ್ಲಿ ಯಾವನೊಬ್ಬನು ಇಂಥ ಸೇವೆಗಾಗಿ ಸಮುದ್ರವನ್ನು ದಾಟಲು ಹೊರಟನೆಂದರೆ ಅದು ಧರ್ಮವೋ, ಬರಿಯ ಹಂಬಲವೋ? ಪ್ರಶ್ನೆಯು ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಾದುದಲ್ಲ.

ಮೊದಲು ಬರುವ ಆಕ್ಷೇಪಣೆಯು ಎಲ್ಲರ ನಾಲಗೆಯ ಮೇಲೆಯೂ ಇದೆ: ಮನೆ ಗೆದ್ದು ಮಾರು ಗೆಲ್ಲು. ಇದನ್ನು ಹಗುರಾಗಿ ತಳ್ಳಿಹಾಕಲಾಗದು. ಗದಗ ಜಿಲ್ಲೆಯ ಅನೇಕ ಗ್ರಾಮಗಳಲ್ಲಿ ಅಂತರ್ಜಲದೊಳಗೆ ಫ್ಲೋರೈಡೆಂಬ ಲವಣಾಂಶವು ಮಿತಿಮೀರಿರುವುದು ಎಲ್ಲರಿಗೂ ತಿಳಿದ ಸಂಗತಿ. ಕುಡಿಯುವ ನೀರಿನಲ್ಲಿ ಅದು ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಬಾರದೆಂದು ನಿಯಮ. ಮೀರಿದ ಕಡೆ, ಎಳೆಯ ಮಗುವಿನ ದವಡೆಯೊಳಗೆ ಹಲ್ಲಿನ ಹೊರಕವಚವು ಇನ್ನೂ ರೂಪುಗೊಳ್ಳುತ್ತಿರುವಾಗಲೇ ಅದು ಕೆಟ್ಟು, ಹಲ್ಲು ಹೊರಬರುವಾಗ ಸುಣ್ಣದ ಬಿಳುಪಿನ ಗೆರೆಯನ್ನೋ ಕಂದುಬಣ್ಣದ ಕಲೆಯನ್ನೋ ಹೊತ್ತೇ ಬರುವುದು. ಎಷ್ಟು ಉಜ್ಜಿದರೂ ಅದು ಹೋಗದು. ಶಾಲೆಯಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯನ್ನು ಕಂಡವರಿಗೆ ಇದರ ಅರ್ಥವಾಗುವುದು. ಇಂಥ ಸೀಮೆಯ ವೈದ್ಯನು ತನ್ನ ಕೈಚಳಕವನ್ನು ಕಡಲಾಚೆಗೆ ಒಯ್ಯುವನೆಂದರೆ ಊರವರು ಹುಬ್ಬುಗಂಟಿಕ್ಕುವುದು ಸಹಜವೇ ಸರಿ.

ಆದರೆ ಈ ಗಾದೆಯನ್ನು ಉಚ್ಚರಿಸುವವರು ಯಾರೆಂಬುದನ್ನೂ ನೋಡತಕ್ಕದ್ದು. ಮನೆಯನ್ನು ಗೆಲ್ಲುವ ಕೆಲಸದಲ್ಲಿ ನಿಜವಾಗಿ ತೊಡಗಿದವರು ಮಾರನ್ನು ಗೆಲ್ಲಹೊರಟವರನ್ನು ಹೀಯಾಳಿಸುವುದು ಅಪರೂಪ. ಎರಡನ್ನೂ ಮಾಡದೆ ಕಟ್ಟೆಯ ಮೇಲೆ ಕುಳಿತವರಿಗೇ ಈ ನುಡಿಯು ಬಹಳ ಉಪಯೋಗಕ್ಕೆ ಬರುತ್ತದೆ. ಮತ್ತು ಮನೆ ಎಂಬುದರ ಎಲ್ಲೆಯಾದರೂ ಎಲ್ಲಿ? ಜಕ್ಕಲಿಯವರೇ ಆದ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಪ್ರಾಂತದ ಪ್ರಜೆಯಾಗಿದ್ದು, ಮೈಸೂರು, ಹೈದರಾಬಾದು, ಮದ್ರಾಸು ಆಳಿಕೆಗಳಲ್ಲಿ ಹರಿದುಹಂಚಿಹೋಗಿದ್ದ ಕನ್ನಡಿಗರೆಲ್ಲರನ್ನೂ ನಮ್ಮವರೆಂದು ಬಗೆದು ಏಕೀಕರಣಕ್ಕಾಗಿ ದುಡಿದರು. 1953ರಲ್ಲಿ ಭುವನೇಶ್ವರಿಯ ಚಿತ್ರವನ್ನೇ ಬರೆಯಿಸಿದರು. ಎಂದೂ ಕಾಣದ ಮೂಡಬಿದಿರೆಯವನೂ ಬೀದರಿನವನೂ ಜಕ್ಕಲಿಯ ರೈತನಿಗೆ ಏನಾಗಬೇಕು ಎಂದು ಆಗ ಕೇಳಿದ್ದರೆ ಉತ್ತರವು ಕಷ್ಟವಾಗುತ್ತಿತ್ತು. 1956ರ ನವೆಂಬರ 1ರ ಬಳಿಕ ಆ ಪ್ರಶ್ನೆಯೇ ನಗೆಗೀಡಾಯಿತು. ನಮ್ಮವರೆಂಬ ವರ್ತುಳವನ್ನು ಪ್ರಕೃತಿಯು ಕೊರೆದಿಟ್ಟಿಲ್ಲ. ಅದನ್ನು ಮನುಷ್ಯರು ಎಳೆದರು, ಮನುಷ್ಯರೇ ಅಗಲಿಸಿದರು. ಹಾಗೆ ಅಗಲಿಸುವ ಕೈ ಎಲ್ಲಿ ನಿಲ್ಲಬೇಕೆಂದು ಹೇಳುವ ಶಾಸ್ತ್ರವೂ ಇಲ್ಲ.

ಇದಲ್ಲದೆ ಈ ಸೀಮೆಯು ಸ್ವತಃ ಅಪರಿಚಿತರ ಕೈಯ ಔಷಧವನ್ನು ಉಂಡ ಸೀಮೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡಕ್ಕೂ ಕೆಲವು ವರ್ಷಗಳ ಮೇಲೆ ಬೆಟಗೇರಿಗೂ ಬಂದು ನೆಲಸಿದರು. ಬೆಟಗೇರಿಯ ಆಸ್ಪತ್ರೆಯನ್ನು ಜನರು ಇಂದಿಗೂ ಜರ್ಮನ್ ಆಸ್ಪತ್ರೆಯೆಂದೇ ಕರೆಯುವರು. ಅವರ ಮುಖ್ಯೋದ್ದೇಶವು ಮತಪ್ರಸಾರವಾಗಿತ್ತೆಂಬುದನ್ನು ಮರೆಮಾಚುವ ಕಾರಣವಿಲ್ಲ, ಅವರೂ ಮರೆಮಾಚಲಿಲ್ಲ. ಕೊಡುವವನ ಮನಸ್ಸಿನಲ್ಲಿ ಏನಿದೆಯೆಂಬುದು ವಿಚಾರಾರ್ಹವೇ ಹೌದು. ಆದರೂ ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸರಕಾರವು ಬಂಧಿಸಿ ದೇಶದಿಂದ ಕಳುಹಿಸಿದ ಮೇಲೆಯೂ ಆಸ್ಪತ್ರೆಯು ಉಳಿಯಿತು. ಹೋದವರ ಹಿಂದೆ ಉಳಿದುದೇನು ಎಂಬ ಈ ಒಂದು ಸಂಗತಿಯು ಮುಂದಿನ ವಿಚಾರಕ್ಕೆಲ್ಲ ಕೀಲಿಕೈ.

ಏಕೆಂದರೆ ಹಲ್ಲು ಕೀಳುವುದು ಅರ್ಧ ಗಳಿಗೆಯ ಕೆಲಸ. ಅದರ ಫಲವು ಆಮರಣಾಂತ. ಕಿತ್ತ ಹಲ್ಲನ್ನು ಮರಳಿ ನೆಡಲಾಗದು. ಕಿತ್ತ ಮೂರನೆಯ ದಿವಸಕ್ಕೆ ಗಾಯದ ಕುಳಿಯು ಒಣಗಿ ಎಲುಬು ಬತ್ತಲಾಗಿ, ಮೊದಲಿನ ನೋವೇ ಲೇಸೆನ್ನಿಸುವಂಥ ನೋವು ಏಳುವುದುಂಟು. ಬಿಡಾರವು ಅಷ್ಟರಲ್ಲಿ ಮುಂದಿನ ಊರಿಗೆ ಹೋಗಿರುತ್ತದೆ. ಆ ರಾತ್ರಿ ಗಲ್ಲಕ್ಕೆ ಕೈಯೂರಿ ಕುಳಿತವನು ಯಾರ ಬಾಗಿಲನ್ನು ತಟ್ಟಬೇಕು? ಬಿಡಾರದ ಲೆಕ್ಕದ ಪುಸ್ತಕದಲ್ಲಿ ಮಾತ್ರ ಕಿತ್ತ ಹಲ್ಲುಗಳ ಸಂಖ್ಯೆಯು ಪುಣ್ಯದ ರಾಶಿಯಂತೆ ನಿಂತಿರುವುದು. ಭಗವದ್ಗೀತೆಯು ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರಗಳೆಂಬ ಮೂರನ್ನು ನೋಡಹೇಳಿತು. ಪಾತ್ರವೆಂದರೆ ಕೊಳ್ಳುವವನ ಯೋಗ್ಯತೆಯೆಂದು ವ್ಯಾಖ್ಯಾನಿಸುವುದು ರೂಢಿ. ನೋವುಂಡವನ ಯೋಗ್ಯತೆಯನ್ನು ಪರೀಕ್ಷಿಸುವುದಕ್ಕೆ ಏನಿದೆ? ವೈದ್ಯದಾನದಲ್ಲಿ ಪರೀಕ್ಷೆಯು ಕೊಡುವವನಿಗೇ ನಡೆಯತಕ್ಕದ್ದು. ಕಾಲವೆಂಬುದರಲ್ಲಿ ಕೊಟ್ಟ ಕ್ಷಣವನ್ನಲ್ಲದೆ ಮೂರನೆಯ ದಿವಸವನ್ನೂ ಸೇರಿಸತಕ್ಕದ್ದು.

ಇದಕ್ಕಿಂತ ಕೆಟ್ಟದಾದ ಇನ್ನೊಂದು ದೋಷವುಂಟು. ಇನ್ನೂ ಪರೀಕ್ಷೆಯಾಗದ ವಿದ್ಯಾರ್ಥಿಗಳು, ತಮ್ಮ ದೇಶದಲ್ಲಿ ರೋಗಿಯನ್ನು ಒಂಟಿಯಾಗಿ ಮುಟ್ಟಲು ಅನುಮತಿಯಿಲ್ಲದವರು, ಪರದೇಶದ ಬಡವನ ಬಾಯಲ್ಲಿ ಚಿಮಟ ಹಿಡಿದು ಕೈ ಪಳಗಿಸಿಕೊಳ್ಳುವುದು. ಏನೂ ಇಲ್ಲದವನಿಗೆ ಇಷ್ಟಾದರೂ ಆಯಿತಲ್ಲ ಎಂದು ಇದಕ್ಕೆ ಸಮಾಧಾನ ಹೇಳುವರು. ಸುಶ್ರುತನ ಶಿಷ್ಯರಿಗೆ ಈ ಸಮಾಧಾನವು ಸಿಕ್ಕುತ್ತಿರಲಿಲ್ಲ. ಶಸ್ತ್ರಕರ್ಮವನ್ನು ಕಲಿಯುವವನು ಛೇದನವನ್ನು ಕುಂಬಳ, ಸೋರೆ ಮೊದಲಾದ ಕಾಯಿಗಳ ಮೇಲೆ ಕಲಿಯಬೇಕು. ಹೊರಕ್ಕೆ ಕೀಳುವ ಕರ್ಮವನ್ನು ಹಲಸು, ತೊಂಡೆ, ಬಿಲ್ವಗಳ ತಿರುಳಿನ ಮೇಲೆಯೂ ಸತ್ತ ಪಶುವಿನ ಹಲ್ಲುಗಳ ಮೇಲೆಯೂ ಅಭ್ಯಾಸ ಮಾಡಬೇಕು. ಶಾಸ್ತ್ರವನ್ನೆಲ್ಲ ಓದಿದವನಾದರೂ ಈ ಅಭ್ಯಾಸವಿಲ್ಲದಿದ್ದರೆ ಕರ್ಮಕ್ಕೆ ಅನರ್ಹನು ಎಂದು ಆತನು ವಿಧಿಸಿರುವನು. ಬಡವನ ಬಾಯಿಯನ್ನು ಆ ಪಟ್ಟಿಯಲ್ಲಿ ಆತನು ಸೇರಿಸಲಿಲ್ಲ.

ಹಾಗಾದರೆ ಹೋಗಲೇಬಾರದೆಂದಾಯಿತೆ? ಇಲ್ಲ. ಹೋಗಿ ಕಲಿತವರ ಕಥೆಗಳೂ ಇವೆ. ಜೋ ಫ್ರೆಂಕನ್ ಎಂಬ ಡಚ್ ದಂತವೈದ್ಯನು 1980ರ ದಶಕದ ನಡುವೆ ಟಾಂಜಾನಿಯಾದಲ್ಲಿ ಕೆಲಸ ಮಾಡುತ್ತಿದ್ದನು. ಹಲ್ಲು ಕೊರೆಯುವ ಯಂತ್ರಕ್ಕೆ ವಿದ್ಯುತ್ತು ಬೇಕು, ಕೊಳವೆಯ ನೀರು ಬೇಕು, ರಿಪೇರಿ ಬಲ್ಲವನು ಬೇಕು. ಅಲ್ಲಿಯ ಹಳ್ಳಿಗಳಲ್ಲಿ ಇವು ಮೂರೂ ದುರ್ಲಭ. ಆದುದರಿಂದ ಹುಳುಕಾದ ಹಲ್ಲಿಗೆ ಕೀಳುವುದೊಂದೇ ಗತಿಯಾಗಿತ್ತು. ಹುಳುಕಿನ ಮೆತ್ತನೆಯ ಭಾಗವನ್ನು ಬರಿಗೈಯ ಸಲಕರಣೆಯಿಂದ ಕೆರೆದು ತೆಗೆದು, ಹಲ್ಲಿಗೆ ತಾನಾಗಿ ಅಂಟಿಕೊಳ್ಳುವ ಗಾರೆಯಂಥ ದ್ರವ್ಯವನ್ನು ಬೆರಳಿನಿಂದ ಒತ್ತಿ ತುಂಬುವ ಕ್ರಮವನ್ನು ಅಲ್ಲಿ ರೂಪಿಸಲಾಯಿತು. ಥಾಯ್ಲಂಡ, ಜಿಂಬಾಬ್ವೆಗಳಲ್ಲಿ ಪರೀಕ್ಷಿಸಲಾಯಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಲೋಕಕ್ಕೆ ಸಾರಿತು. ಬೆಂಚು, ದಿಂಬು, ಕೆಲವು ಕೈಸಲಕರಣೆಗಳಿದ್ದರೆ ಶಾಲೆಯ ಪಡಸಾಲೆಯಲ್ಲಿಯೂ ಇದು ನಡೆಯುವುದು. ಊರಿನ ಆರೋಗ್ಯ ಸೇವಕನಿಗೂ ಕಲಿಸಬಹುದು. ಪಶ್ಚಿಮದವನು ಪೂರ್ಣವಿದ್ಯೆಯನ್ನು ಹೊತ್ತು ಆಫ್ರಿಕಕ್ಕೆ ಕೊಡಹೋದನೆಂದು ಇದನ್ನು ವರ್ಣಿಸುವಂತಿಲ್ಲ. ಆಫ್ರಿಕದ ಇಲ್ಲದಿರುವಿಕೆಯೇ ಅವನಿಗೆ ಗುರುವಾಯಿತು. ಸಿರಿವಂತ ದೇಶಗಳ ಮಕ್ಕಳಿಗೂ ಅದೇ ಕ್ರಮವು ಈಗ ನಡೆಯುತ್ತಿದೆ.

ಇನ್ನು ನಿಂತೇಬಿಟ್ಟವನೊಬ್ಬನ ಮಾತು. ಹಲ್ಲಿನ ವೈದ್ಯನಲ್ಲ, ಶಸ್ತ್ರವೈದ್ಯ. ಕನ್ನಡ ಮರಾಠಿಗಳೆರಡೂ ಬೀದಿಯಲ್ಲಿ ಕೇಳಿಬರುವ ಗಡಿಯ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ದ್ವಾರಕಾನಾಥ ಕೋಟಣೀಸ. ಜಪಾನದ ಆಕ್ರಮಣಕ್ಕೀಡಾದ ಚೀನಕ್ಕೆ 1938ರಲ್ಲಿ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಹೋದ ಕೆಲವು ಕಾಲಕ್ಕೆ ತಂದೆಯು ತೀರಿದ ಸುದ್ದಿ ಬಂದಿತು. ಕೋಟಣೀಸರು ಮರಳಲಿಲ್ಲ. ಚೀನೀ ಭಾಷೆಯನ್ನು ಕಲಿತರು, ಬೆಟ್ಟಗಾಡಿನ ಗುಡಿಸಲುಗಳಲ್ಲಿ ಗಾಯಾಳುಗಳಿಗೆ ಶಸ್ತ್ರಕ್ರಿಯೆ ಮಾಡಿದರು, 1941ರಲ್ಲಿ ಬೆಥೂನ್ ಆಸ್ಪತ್ರೆಯ ಮುಖ್ಯಸ್ಥರಾದರು, ಅಲ್ಲಿಯವಳೇ ಆದ ದಾದಿಯನ್ನು ವರಿಸಿದರು, 1942ರ ಡಿಸೆಂಬರ 9ರಂದು ಅಪಸ್ಮಾರದಿಂದ ತೀರಿಕೊಂಡರು. ವಯಸ್ಸು 32, ಮಗುವು ಕೆಲವು ತಿಂಗಳಿನದು.

ಇವರನ್ನು ಹುತಾತ್ಮರೆಂದು ಕೊಂಡಾಡುವುದು ಸುಲಭ. 1946ರಲ್ಲಿ ಶಾಂತಾರಾಮರು ಚಲಚ್ಚಿತ್ರವನ್ನೂ ತೆಗೆದರು. ಆದರೆ ಸೊಲ್ಲಾಪುರದ ಆ ಮನೆಯ ಕಡೆಯಿಂದಲೂ ಒಂದು ಸಲ ನೋಡಬೇಕು. ಪಿತೃಋಣವೆಂಬುದು ಹಳೆಯ ಪುಸ್ತಕದ ಮಾತು ಮಾತ್ರವಲ್ಲ. ತಾಯಿ ಕಾದಿದ್ದಳು, ಒಡಹುಟ್ಟಿದವರು ಕಾದಿದ್ದರು. ಕಾಣದವರ ಗಾಯಕ್ಕೆ ಪಟ್ಟಿ ಕಟ್ಟಿದವನು ಕಂಡವರ ಗಾಯವನ್ನು ಹಾಗೆಯೇ ಬಿಟ್ಟನೆಂದು ಯಾರಾದರೂ ಹೇಳಿದರೆ ಅದು ಪೂರಾ ಸುಳ್ಳಲ್ಲ. ಧರ್ಮಶಾಸ್ತ್ರದ ಪಂಡಿತನು ಇಲ್ಲಿ ತೊಡಕಿಗೆ ಸಿಕ್ಕುವನು, ಸಿಕ್ಕಬೇಕಾದುದೇ. ಒಂದು ಮಾತ್ರ ನಿಸ್ಸಂದೇಹವಾದುದು: ಕೋಟಣೀಸರು ತಾವು ಕೊಯ್ದ ಗಾಯದ ಮೂರನೆಯ ದಿವಸವನ್ನು ಇನ್ನೊಬ್ಬರ ಮೇಲೆ ಹೊರಿಸಲಿಲ್ಲ. ಅದಕ್ಕೆ ಬೆಲೆ ತೆತ್ತರು, ಮನೆಯವರಿಂದಲೂ ತೆರಿಸಿದರು. ಆ ಬೆಲೆಯು ಸರಿಯಾಯಿತೇ ಎಂದು ತೀರ್ಪು ಕೊಡುವ ಹಕ್ಕು ಸೊಲ್ಲಾಪುರದಲ್ಲಿ ಉಳಿದ ಆ ತಾಯಿಗೆ ಇದ್ದಿತು, ಪರರಿಗಿಲ್ಲ. ಎಲ್ಲರೂ ಕೋಟಣೀಸರಾಗಲಾರರು, ಆಗಬೇಕಾದುದೂ ಇಲ್ಲ. ಎರಡು ವಾರಕ್ಕೆ ಹೋಗುವವನೂ ಅಲ್ಲಿಯ ವೈದ್ಯನೊಬ್ಬನ ಕೈಕೆಳಗೆ ನಿಂತು, ಅವನು ಹೇಳಿದುದನ್ನು ಮಾಡಿ, ತಾನು ಹೋದ ಮೇಲೆ ಬರುವ ನೋವಿಗೆ ಅವನ ಬಾಗಿಲನ್ನು ತೋರಿಸಿ ಬಂದರೆ ಅದು ಹೋಗಬಲ್ಲ ಹೋಕು.

ಜಕ್ಕಲಿಯ ಸೀಮೆಯ ಕಲೆಬಿದ್ದ ಹಲ್ಲಿನ ಪ್ರಶ್ನೆಯು ಇನ್ನೂ ಉಳಿದೇ ಇದೆ. ಫ್ರೆಡರಿಕ್ ಮೆಕ್ಕೇ ಎಂಬ ತರುಣ ದಂತವೈದ್ಯನು 1901ರಲ್ಲಿ ಅಮೇರಿಕೆಯ ಕೊಲೊರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದಾಗ ಅಲ್ಲಿಯ ಮಕ್ಕಳ ಹಲ್ಲುಗಳ ಮೇಲೆ ಇಂಥವೇ ಕಂದು ಕಲೆಗಳನ್ನು ಕಂಡನು. ಊರವರಿಗೆ ಅದು ಅಭ್ಯಾಸವಾಗಿಹೋಗಿತ್ತು. ಹೊರಗಿನಿಂದ ಬಂದವನ ಕಣ್ಣಿಗೆ ಮಾತ್ರ ಚುಚ್ಚಿತು. ಮೂವತ್ತು ವರ್ಷ ಅವನು ಅದರ ಬೆನ್ನು ಬಿಡಲಿಲ್ಲ. ಕಡೆಗೆ 1931ರಲ್ಲಿ ಕಾರಣವು ನೀರಿನೊಳಗಿನ ಫ್ಲೋರೈಡೆಂದು ಗೊತ್ತಾಯಿತು. ಹಿಂದುಸ್ಥಾನದಲ್ಲಿ ಈ ರೋಗವನ್ನು 1937ರಲ್ಲಿ ನೆಲ್ಲೂರಿನ ಕಡೆ ಗುರುತಿಸಿದರು. ಕೀಳುವ ಚಿಮಟವಾಗಲಿ ತುಂಬುವ ಗಾರೆಯಾಗಲಿ ಇದಕ್ಕೆ ಮದ್ದಲ್ಲ, ನೀರೇ ಬದಲಾಗಬೇಕು. ಗದಗ ಜಿಲ್ಲೆಗೆ ಮಲಪ್ರಭೆ ತುಂಗಭದ್ರೆಗಳ ನೀರನ್ನು ಕೊಳವೆಗಳಲ್ಲಿ ತರುವ ಯೋಜನೆಗಳು ಆದುದು ಇದಕ್ಕಾಗಿಯೂ ಹೌದು. ಕೊಳವೆಯ ನೀರು ತಡವಾದ ದಿವಸ ಹೆಣ್ಣುಮಕ್ಕಳು ಕೊಡ ಹಿಡಿದು ಮತ್ತೆ ಹಳೆಯ ಬೋರಿನ ಕಡೆಗೆ ನಡೆಯುವರು.

ಟಾಂಜಾನಿಯಾದ ಉತ್ತರಕ್ಕೆ, ಮೇರು ಪರ್ವತದ ಸುತ್ತಣ ಆರೂಷಾ ಸೀಮೆಯಲ್ಲಿಯೂ ನೀರು ಹೀಗೆಯೇ ಇದೆ. ಗದಗಿನ ಕಡೆಯ ವೈದ್ಯನೊಬ್ಬನು ಎಂದಾದರೂ ಅಲ್ಲಿಯ ಶಾಲೆಯ ಪಡಸಾಲೆಯಲ್ಲಿ ಕುಳಿತು ಮಗುವೊಂದರ ಬಾಯಿ ತೆರೆಯಿಸಿದರೆ, ಆ ಕಲೆಯನ್ನು ಅವನಿಗೆ ಯಾರೂ ತೋರಿಸಿಕೊಡಬೇಕಾಗಿಲ್ಲ. ಮಗುವು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನೂ ಅವನು ಬಲ್ಲನು. ಸಲಕರಣೆಯನ್ನು ತಟ್ಟೆಯಲ್ಲಿಟ್ಟು ಅವನು ಮೊದಲು ಕೇಳುವುದು, ಮನೆಗೆ ನೀರು ಯಾವ ಬಾವಿಯಿಂದ ಬರುತ್ತದೆ ಎಂದು.