ಗಾಯಕ್ಕೆ ಕಾಗದ ಕೇಳುವವರು

ಕಾಗದಪತ್ರ ಇಲ್ಲದೆ ಅಮೆರಿಕಕ್ಕೆ ಹೋಗಿ ದುಡಿಯುವ ವಲಸೆಗಾರ ಅಪಘಾತದಲ್ಲಿ ತಲೆ ಒಡೆದುಕೊಂಡು ಆಸ್ಪತ್ರೆಗೆ ಬಂದರೆ ಖರ್ಚು ಯಾರದು? ಅಲ್ಲಿ ಬಹಳ ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆ ಇದು. ಇದನ್ನ ಯಾವಾಗ ಕೇಳುತ್ತಾರೆ ಅನ್ನೋದನ್ನ ಮೊದಲು ನೋಡಬೇಕು. ಅವನು ಸೂರು ಹೊದಿಸುವಾಗ, ಹಣ್ಣು ಕೀಳುವಾಗ, ಮಾಂಸ ಕಡಿಯುವಾಗ ಕಾಗದದ ಕಡೆ ಕಣ್ಣು ಮುಚ್ಚಿಕೊಳ್ಳುವ ಮಾಲೀಕರಿದ್ದಾರೆ. ಅವನು ಕೆಳಗೆ ಬಿದ್ದ ಗಳಿಗೆಯಲ್ಲಿ ಎಲ್ಲರ ಕಣ್ಣೂ ತೆರೆಯುತ್ತದೆ.

1986ರ ಕಾನೂನಿನ ಪ್ರಕಾರ ತುರ್ತು ವಿಭಾಗಕ್ಕೆ ಬಂದವರನ್ನ, ದುಡ್ಡು ನೋಡದೆ, ದೇಶ ಕೇಳದೆ, ಪರೀಕ್ಷಿಸಿ ಅಪಾಯದಿಂದ ಪಾರುಮಾಡಬೇಕು. ಒಳ್ಳೆಯ ಕಾನೂನೇ. ಆದರೆ ಅದರ ಜೊತೆಗೆ ದುಡ್ಡು ಬರಲಿಲ್ಲ. ಬಡವರಿಗಾಗಿ ಇರುವ ಮೆಡಿಕೇಡ್ ಇವರಿಗೆ ತುರ್ತು ಚಿಕಿತ್ಸೆಗೆ ಮಾತ್ರ. 2010ರ ಕಾನೂನು ತೆರೆದ ವಿಮೆ ಮಾರುಕಟ್ಟೆಯಲ್ಲಿ ಸ್ವಂತ ದುಡ್ಡು ಕೊಟ್ಟರೂ ಇವರಿಗೆ ವಿಮೆ ಸಿಗುವುದಿಲ್ಲ. ಜೀವ ಉಳಿಸು, ಆಮೇಲೆ ಬೀದಿಗೆ ಬಿಡು ಅಂದ ಹಾಗಾಯಿತು.

ಇದರ ಫಲ ನೋಡಿ. 2000ದಲ್ಲಿ ಫ್ಲಾರಿಡಾದಲ್ಲಿ ಕುಡಿದು ವಾಹನ ಓಡಿಸಿದವನೊಬ್ಬ ಡಿಕ್ಕಿ ಹೊಡೆದು, ಗ್ವಾಟೆಮಾಲಾದ ತೋಟದ ಕೆಲಸಗಾರನೊಬ್ಬನ ಮಿದುಳಿಗೆ ಪೆಟ್ಟಾಯಿತು. ಮುಂದಿನ ಆರೈಕೆಗೆ ಯಾರೂ ಸೇರಿಸಿಕೊಳ್ಳಲಿಲ್ಲ. ಖರ್ಚು ಸುಮಾರು 15 ಲಕ್ಷ ಡಾಲರ್ ಮುಟ್ಟಿತು. 2003ರಲ್ಲಿ ಆಸ್ಪತ್ರೆಯೇ ವಿಮಾನ ಗೊತ್ತುಮಾಡಿ ಅವನನ್ನ ಗ್ವಾಟೆಮಾಲಾಕ್ಕೆ ಸಾಗಿಸಿತು. ಹಾಗೆ ಸಾಗಿಸಲು ಕೊಟ್ಟ ಆದೇಶ ಸರಿಯಲ್ಲ ಅಂತ 2004ರಲ್ಲಿ ಮೇಲಿನ ಕೋರ್ಟು ಹೇಳಿತು. 2009ರಲ್ಲಿ ಜ್ಯೂರಿ ಆಸ್ಪತ್ರೆಯ ಪರವಾಗಿಯೇ ತೀರ್ಪು ಕೊಟ್ಟಿತು.

ಆಸ್ಪತ್ರೆಯನ್ನ ರಾಕ್ಷಸ ಅಂದುಬಿಟ್ಟರೆ ಕೆಲಸ ಸುಲಭ. ಆದರೆ ವೈದ್ಯ, ದಾದಿ, ರಕ್ತ, ಔಷಧಿ ಎಲ್ಲಕ್ಕೂ ಬೆಲೆಯಿದೆ. ಆ ಬೆಲೆಯನ್ನ ಒಂದು ಆಸ್ಪತ್ರೆಯ ತಲೆಗೆ ಕಟ್ಟಿ, ತಾನು ಕೈ ತೊಳೆದುಕೊಂಡ ಪ್ರಭುತ್ವವನ್ನ ಯಾಕೆ ಕೇಳುವುದಿಲ್ಲ? ಇಂಥ ರೋಗಿಗಳ ಖರ್ಚಿನ ಲೆಕ್ಕ ಒಪ್ಪಿಸಿ ಅಂತ ಟೆಕ್ಸಾಸ್ ಗವರ್ನರು 2024ರಲ್ಲಿ ಆಸ್ಪತ್ರೆಗಳಿಗೆ ಅಪ್ಪಣೆ ಮಾಡಿದರು. ಇವರ ದುಡಿಮೆಯಿಂದ ಯಾರ್ಯಾರ ಮನೆ ಎದ್ದಿತು ಅನ್ನೋ ಲೆಕ್ಕವನ್ನ ಆ ಅಪ್ಪಣೆ ಕೇಳಲಿಲ್ಲ.

'ಇವರೂ ತೆರಿಗೆ ಕಟ್ಟುತ್ತಾರೆ' ಅಂತ ಇವರ ಪರ ಇರುವವರು ಹೇಳುತ್ತಾರೆ. ನಿಜ. 2022ರಲ್ಲಿ ಕಟ್ಟಿದ್ದು ಸುಮಾರು 9,670 ಕೋಟಿ ಡಾಲರ್ ಅಂತ ಅಲ್ಲಿನ ತೆರಿಗೆ ಅಧ್ಯಯನ ಸಂಸ್ಥೆಯೊಂದರ ಅಂದಾಜು. ಈ ಮಾತು ಬೇಕು, ಆದರೆ ಇದರಲ್ಲೇ ಒಂದು ಬಲೆಯೂ ಇದೆ. ದುಡಿದವನಿಗೆ ಮಾತ್ರ ಚಿಕಿತ್ಸೆ ಅಂದರೆ, ನಿನ್ನೆ ಗಡಿ ದಾಟಿದ ಕೂಸಿಗೆ ಏನು ಹೇಳೋಣ? ದುಡಿಯಲಾರದ ಮುದುಕಿಗೆ ಏನು ಹೇಳೋಣ? ಬೆವರನ್ನ ತೂಗಿ ಮನುಷ್ಯನ ಬೆಲೆ ಕಟ್ಟುವುದು ಧಣಿಗಳ ತಕ್ಕಡಿ. ಅದನ್ನ ನಾವು ಕೈಗೆತ್ತಿಕೊಳ್ಳಬಾರದು.

ದುಡಿಮೆಯ ಸಾಲವನ್ನ ಮಾಲೀಕ ತೀರಿಸಲೇಬೇಕು, ಅದು ನ್ಯಾಯ. ಆದರೆ ಚಿಕಿತ್ಸೆಯ ಹಕ್ಕು ಹುಟ್ಟುವುದು ದುಡಿಮೆಯಿಂದಲ್ಲ, ಕಾಗದದಿಂದಲೂ ಅಲ್ಲ, ಗಾಯದಿಂದ. ರಕ್ತ ಸುರಿಯುತ್ತಿರುವಾಗ 'ನೀನು ಯಾರು?' ಅಂತ ಕೇಳುವ ಸಮಾಜ ತಾನು ಯಾರು ಅನ್ನೋದನ್ನ ಹೇಳಿಕೊಂಡಂತಾಯಿತು.