ಸಿಪ್ಪಿಯ ಲೆಕ್ಕ

ನಮ್ಮವ್ವ ಸಾಲಿ ಕಲಿತಾಕಿ ಅಲ್ಲ. ಅಕ್ಕಲಕೋಟ ತಾಲೂಕಿನ ಮಂದಿ ಹೊಲಗಳಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು ನನ್ನನ್ನು ಓದಿಸಿದಳು. ನಾನು ಮಾಸ್ತರನಾದ ಮೇಲೆ ಸೂಟಿಯ ದಿನ ಆಕೆಗೆ ಕಾದಂಬರಿ ಓದಿ ಹೇಳುವ ರೂಢಿ ಬಿತ್ತು.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಜೀತದ ಚೋಮನಿಗೆ ಒಂದೇ ಆಸೆ, ಸ್ವಂತ ಬೇಸಾಯ. ಎತ್ತುಗಳಿವೆ, ಭೂಮಿಯಿಲ್ಲ. ಒಡೆಯನ ಮನಸ್ಸು ಕರಗಿದರೂ ಒಡೆಯನ ತಾಯಿ ಒಪ್ಪುವುದಿಲ್ಲ. ಆ ಜಾತಿಯವ ಹೊಲ ಮಾಡಬಾರದೆಂಬ ಕಟ್ಟಳೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪಾಪ” ಅಂದಳು, ಅಷ್ಟೆ.

ಆಮೇಲೆ ದೇವನೂರ ಮಹಾದೇವರ ‘ಒಡಲಾಳ’ ಹಿಡಿದೆ. ಸಾಕವ್ವನ ಮನೆಗೆ ರಾತ್ರಿ ಕಳವಿನ ಶೇಂಗಾ ಮೂಟೆ ಬರುತ್ತದೆ. ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ತಿನ್ನುತ್ತಾರೆ. ಅವ್ವ ನಡುವೆಯೇ ಬಾಯಿ ಹಾಕಿದಳು: “ಸಿಪ್ಪಿ ಏನ್ ಮಾಡ್ಯಾರೋ?”

“ಬೆಂಕಿಗೆ ಹಾಕ್ಯಾರವ್ವಾ.”

“ಶಾಣ್ಯಾರದಾರ,” ಅಂದು ನಕ್ಕಳು.

ಆ ಪುಟವನ್ನು ನಾನು ಎಷ್ಟೋ ಸಲ ಓದಿದ್ದೆ. ಬೆಂಕಿಯ ಬೆಳಕು, ಮಕ್ಕಳ ಖುಷಿ, ಎಲ್ಲ ಮೆಚ್ಚಿದ್ದೆ. ಸಿಪ್ಪಿ ಸಾಕ್ಷಿ ಹೇಳುತ್ತದೆ ಎಂಬುದು ಹೊಳೆದಿರಲಿಲ್ಲ. ಅವ್ವನ ಕೂಲಿಯಲ್ಲೇ ಬೆಳೆದವನು ನಾನು. ಪಗಾರ ಬರತೊಡಗಿದ ಮೇಲೆ ಯಾವಾಗ ಆ ಒಲೆ ಬಿಟ್ಟು ಪಡಸಾಲೆಗೆ ಬಂದೆನೋ ಗೊತ್ತಾಗಲಿಲ್ಲ. ಚೋಮನಿಗಾಗಿ ಅಳುವುದು ಪಡಸಾಲೆಯಿಂದಲೂ ಆಗುತ್ತದೆ. ಸಾಕವ್ವನ ಜೊತೆ ಶೇಂಗಾ ತಿನ್ನಬೇಕಾದರೆ ಒಳಗೇ ಕೂಡಬೇಕು.

ಹಾಗಾದರೆ ಉಂಡವರೇ ಬರೆಯಬೇಕೇ? ಉಳಿದವರು ಪೆನ್ನು ಮುಟ್ಟಬಾರದೇ? ಈ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಾಗೆ ಹೇಳಿದರೆ ಕಾರಂತರ ಚೋಮನೂ ಇಲ್ಲವಾಗುತ್ತಾನೆ.

ನಮ್ಮ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನೇ ನೋಡಿರಿ. 1912ರಲ್ಲಿ ಸಿರಿವಂತ ಮನೆಯಲ್ಲಿ ಹುಟ್ಟಿದವರು, ಕಲಿತದ್ದು ಮರಾಠಿ ಸಾಲಿಯಲ್ಲಿ. ಸಿದ್ಧರಾಮೇಶ್ವರರ ಪುರಾಣ ಬರೆಯಲು ಅವರು ಆರಿಸಿಕೊಂಡದ್ದು ತ್ರಿಪದಿ, ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಮಟ್ಟು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಹೆಣ್ಣುಮಗಳು. ಇದು ನಮಗೆ ಹೆಮ್ಮೆಯೇ. ಹಾಡು ಶೇಂಗಾ ಮೂಟೆಯಲ್ಲ, ಇನ್ನೊಬ್ಬರು ಹಾಡಿದರೆ ಕಡಿಮೆಯಾಗುವುದಿಲ್ಲ. ಆದರೂ ಆ ಮಟ್ಟನ್ನು ತಲೆತಲಾಂತರ ಉಳಿಸಿಕೊಂಡು ಬಂದವರ ಹೆಸರು ಯಾವ ಪುಸ್ತಕದ ಮೇಲೂ ಇಲ್ಲ ಎಂಬುದು ಮನಸ್ಸಿಗೆ ಚುಚ್ಚುತ್ತದೆ.

ಅವ್ವನನ್ನು ಕೇಳಿದೆ. “ಅವ್ರು ಹಾಡಿದ್ರ ಛಲೋ ಆತು. ನನಗ ಹಾಡು ಕಲಿಸಿದಾಕಿ ಹೆಸರು ನೀ ಎಂದರ ಕೇಳಿಯೇನು?” ಅಂದಳು.

ಕೇಳಿರಲಿಲ್ಲ. ಈಗ ಅವ್ವನ ಹಾಡುಗಳನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ. ಪ್ರತಿ ಹಾಡಿನ ಕೆಳಗೆ, ಯಾರಿಂದ ಬಂತು ಎಂದು ಕೇಳಿ ಹೆಸರು ಹಾಕುತ್ತೇನೆ. ಎರಡು ಹಾಡಿಗೆ ಆಕೆಗೆ ಹೆಸರು ನೆನಪಾಗುತ್ತಿಲ್ಲ. ಅಲ್ಲಿ ಜಾಗ ಬಿಟ್ಟಿದ್ದೇನೆ.